ಪಶ್ಚಿಮ ಫ್ರಾನ್ಸ್: ಸುಟ್ಟು, ಬಿದ್ದು, ಮತ್ತೆ ಎದ್ದ ಊರುಗಳು

(ಪ್ರವಾಸದ ಆಸಕ್ತಿ ಇರುವ ಗೆಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಮಧ್ಯೆ ಮಧ್ಯೆ ಕೇಳಿದ ಪ್ರಶ್ನೆಗಳನ್ನೂ ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫ್ರಾನ್ಸ್ ಅಂದರೆ ನಮ್ಮ ಟೂರ್ ಪ್ಯಾಕೇಜುಗಳಿಗೆ ಪ್ಯಾರಿಸ್ ಅಷ್ಟೇ. ಐಫೆಲ್ ಟವರ್, ಲೂವ್ರ್ ಮ್ಯೂಸಿಯಂ, ಸೇನ್ ನದಿಯಲ್ಲಿ ಒಂದು ಸುತ್ತು ದೋಣಿ. ಮಾರನೇ ದಿನ ಬಸ್ಸು ಹತ್ತಿ ಸ್ವಿಟ್ಜರ್ಲೆಂಡಿಗೆ ಹೊರಡುವುದು. ಅದೆಲ್ಲ ನೋಡಬೇಕಾದ್ದೇ, ಬೇಡ ಅನ್ನುವುದಿಲ್ಲ. ಆದರೆ ಅದೇ ಪ್ಯಾರಿಸ್‌ನ ಮೋಂಪರ್ನಾಸ್ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಟಿಜಿವಿ ಅನ್ನುವ ಅತಿವೇಗದ ರೈಲು ಹತ್ತಿದರೆ ಒಂದೂವರೆ ಗಂಟೆಯಲ್ಲಿ ರೆನ್ ತಲುಪುತ್ತೀರಿ. ಎರಡು ಗಂಟೆ ಚಿಲ್ಲರೆಯಲ್ಲಿ ನಾಂತ್. ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಬೋರ್ಡೋ. ಅಟ್ಲಾಂಟಿಕ್ ಸಮುದ್ರದ ಕಡೆಗೆ ಮುಖ ಮಾಡಿದ ಊರುಗಳು ಇವು. ಇವತ್ತು ನಾನು ಮಾತಾಡುವುದು ಈ ಊರುಗಳ ಬಗ್ಗೆ.

ಇವನ್ನೆಲ್ಲ ಒಟ್ಟಿಗೆ ಇಟ್ಟು ಮಾತಾಡಲು ಒಂದು ಕಾರಣ ಇದೆ. ಇವತ್ತು ಅಲ್ಲಿ ಜನ ಸಾಲು ನಿಂತು ನೋಡುವ ಜಾಗಗಳಲ್ಲಿ ಬಹಳಷ್ಟು ಒಂದು ಕಾಲಕ್ಕೆ ಹಾಳಾಗಿದ್ದವು. ಕೆಲವು ಸುಟ್ಟುಹೋಗಿದ್ದವು, ಕೆಲವು ಬಾಂಬಿಗೆ ಬಿದ್ದಿದ್ದವು, ಕೆಲವಕ್ಕೆ ಬೀಗ ಬಿದ್ದಿತ್ತು. ಇನ್ನು ಕೆಲವು ವಿಷಯಗಳನ್ನು ಊರಿನವರೇ ಮುಚ್ಚಿಟ್ಟಿದ್ದರು. ಇದನ್ನು ಈಗ ಏನು ಮಾಡೋಣ ಅಂತ ಪ್ರತಿ ಊರೂ ಕೂತು ಯೋಚಿಸಬೇಕಾಯಿತು. ಒಂದೊಂದು ಊರು ಒಂದೊಂದು ಉತ್ತರ ಕಂಡುಕೊಂಡಿತು. ನನಗೆ ಅಲ್ಲಿ ನೋಡಬೇಕು ಅನ್ನಿಸುವುದು ಆ ಉತ್ತರಗಳನ್ನು.

ನಾಂತ್‌ನಿಂದ ಶುರು ಮಾಡುತ್ತೇನೆ. ನಾನು ಕೆಲಸದ ಮೇಲೆ ಇದ್ದ ಊರು ಅದು. ಹಾಗಾಗಿ ಅದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಬೇಜಾರಾಗಬೇಡಿ.

ನಾಂತ್ ಇರುವುದು ಲ್ವಾರ್ ನದಿಯ ದಂಡೆಯಲ್ಲಿ. ಸಮುದ್ರ ಇನ್ನೂ ಐವತ್ತು ಕಿಲೋಮೀಟರ್ ಆಚೆ ಇದೆ. ಆದರೂ ನೂರಾರು ವರ್ಷ ಇದು ದೊಡ್ಡ ಬಂದರು. ನದಿಯ ನಡುವಿನ ದ್ವೀಪದಲ್ಲಿ ಹಡಗು ಕಟ್ಟುವ ಶಿಪ್‌ಯಾರ್ಡ್‌ಗಳಿದ್ದವು, ಸಾವಿರಾರು ಜನಕ್ಕೆ ಅದೇ ಅನ್ನ. 1987ರಲ್ಲಿ ಕೊನೆಯ ಶಿಪ್‌ಯಾರ್ಡೂ ಮುಚ್ಚಿತು. ಊರಿನ ಮಧ್ಯದಲ್ಲೇ ದೊಡ್ಡ ದೊಡ್ಡ ಖಾಲಿ ಶೆಡ್ಡುಗಳು, ತುಕ್ಕು ಹಿಡಿದ ಹಳಿಗಳು, ನಿಂತುಹೋದ ಕ್ರೇನುಗಳು ಉಳಿದುಕೊಂಡವು. ಅಂಥ ಜಾಗ ಸಿಕ್ಕರೆ ಸಾಮಾನ್ಯವಾಗಿ ಎಲ್ಲವನ್ನೂ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ, ಅಲ್ವಾ? ನಾಂತ್ ಅಲ್ಲಿ ಒಂದು ಆನೆ ಕಟ್ಟಿತು.

ಫ್ರಾಂಸ್ವಾ ದೆಲರೋಜಿಯೆರ್, ಪಿಯರ್ ಒರೆಫೀಸ್ ಅಂತ ಇಬ್ಬರು. ಬೀದಿ ನಾಟಕದ ಯಂತ್ರಗಳನ್ನು ಕಟ್ಟುವ ಲೋಕದಿಂದ ಬಂದವರು. ಹಳೇ ಶಿಪ್‌ಯಾರ್ಡಿನ ಶೆಡ್ಡುಗಳಲ್ಲಿ 2007ರಲ್ಲಿ ಇವರ 'ದ್ವೀಪದ ಯಂತ್ರಗಳು' ಶುರುವಾಯಿತು. ಅದರ ನಾಯಕನೇ ಈ ದೊಡ್ಡ ಆನೆ. ಮರ ಮತ್ತು ಉಕ್ಕಿನದು. ಎತ್ತರ 12 ಮೀಟರ್, ತೂಕ 48 ಟನ್. ನಮ್ಮ ದಸರಾ ಆನೆ ಮೂರು ಮೀಟರ್ ಹತ್ತಿರ ಬಂದರೆ ದೊಡ್ಡದು ಅನ್ನುತ್ತೇವೆ. ಅಂಥ ನಾಲ್ಕು ಆನೆ ಒಂದರ ಮೇಲೊಂದು ನಿಂತಷ್ಟು ಎತ್ತರ ಅಂದುಕೊಳ್ಳಿ. ಸುಮಾರು ಐವತ್ತು ಜನ ಇದರ ಹೊಟ್ಟೆಯೊಳಗೆ, ಬೆನ್ನ ಮೇಲೆ ಕೂತು ಸವಾರಿ ಮಾಡಬಹುದು.

ಹತ್ತಿರದಿಂದ ನೋಡಿದರೆ ಹೇಗಿರುತ್ತದೆ ಹೇಳುತ್ತೇನೆ. ಶೆಡ್ಡಿನ ಕತ್ತಲೆಯಿಂದ ಮೊದಲು ಸೊಂಡಿಲು ಹೊರಗೆ ಬರುತ್ತದೆ. ಸೊಂಡಿಲಿನ ಒಂದೊಂದು ಗೆಣ್ಣೂ ಬೇರೆ ಬೇರೆಯಾಗಿ ಬಾಗುತ್ತದೆ. ಕಿವಿಗಳು ಚರ್ಮದವು, ನಡೆಯುವಾಗ ಪಟಪಟ ಬಡಿಯುತ್ತವೆ. ಕಣ್ಣಿನ ರೆಪ್ಪೆ ಮುಚ್ಚಿ ತೆರೆಯುತ್ತದೆ. ಮೈಯ ಮರದ ಪಟ್ಟಿಗಳ ನಡುವೆ ಕೊಳವೆ, ಕೀಲು, ಪಿಸ್ಟನ್ ಎಲ್ಲಾ ಬಿಚ್ಚಿಟ್ಟ ಹಾಗೆ ಕಾಣುತ್ತವೆ. ಯಂತ್ರವನ್ನು ಮುಚ್ಚಿಡುವ ಪ್ರಯತ್ನವೇ ಇಲ್ಲ. ಮಕ್ಕಳು ಮುಂದೆ ಮುಂದೆ ಓಡುತ್ತಾರೆ. ಆನೆ ಸೊಂಡಿಲೆತ್ತಿ ಅವರ ಮೇಲೆ ನೀರು ಚಿಮ್ಮಿಸುತ್ತದೆ. ಮಕ್ಕಳಿಗೆ ಬೇಕಾಗಿರುವುದೂ ಅದೇ. ಬೇಸಿಗೆಯಲ್ಲಿ ಅಪ್ಪ ಅಮ್ಮಂದಿರೂ ನೆನೆಯಲು ಸಾಲಾಗಿ ನಿಂತಿರುತ್ತಾರೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ವರ್ಕ್‌ಶಾಪ್. ಅದನ್ನು ಮೇಲಿನ ಮೊಗಸಾಲೆಯಿಂದ ಎಲ್ಲರೂ ನೋಡಬಹುದು. ಕೆಳಗೆ ಬಡಗಿಗಳು, ವೆಲ್ಡರ್‌ಗಳು ಮುಂದಿನ ಪ್ರಾಣಿಗೆ ಕಾಲು, ರೆಕ್ಕೆ ಕೊರೆಯುತ್ತಿರುತ್ತಾರೆ. ಹಡಗು ಕಟ್ಟುತ್ತಿದ್ದ ಜಾಗದಲ್ಲಿ ಇವತ್ತಿಗೂ ಉಕ್ಕು ಬಾಗಿಸುವ, ಮರ ಕೊರೆಯುವ ಕೈಗಳಿವೆ. ಪಕ್ಕದಲ್ಲೇ ನದಿಗೆ ಎದುರಾಗಿ ಮೂರಂತಸ್ತಿನ ಸಮುದ್ರಜೀವಿಗಳ ತಿರುಗುಚಕ್ರ ಇದೆ, 2012ರಿಂದ. ಅದರಲ್ಲಿ ಕೂತವರು ಸುಮ್ನೆ ತಿರುಗುವುದಷ್ಟೇ ಅಲ್ಲ, ಮೀನಿನ ಬಾಲ, ಏಡಿಯ ಕೊಂಡಿಗಳನ್ನು ತಾವೇ ಸನ್ನೆಕೋಲು ಎಳೆದು ಆಡಿಸುತ್ತಾರೆ. ಶಿಪ್‌ಯಾರ್ಡಿನ ಹಳದಿ ಕ್ರೇನನ್ನೂ ಕೆಡವಿಲ್ಲ, ಅದು ಅಲ್ಲೇ ನಿಂತಿದೆ. ಸಾಹಸ ಕಥೆಗಳ ಜೂಲ್ ವೆರ್ನ್ ಹುಟ್ಟಿದ್ದು ಇದೇ ಊರಿನಲ್ಲಿ, 1828ರಲ್ಲಿ. ಬಾಲ್ಯದಲ್ಲಿ ಬಂದರಿನ ಹಡಗು ನೋಡಿ ಬೆಳೆದವರು. ಈ ಯಂತ್ರಗಳನ್ನು ಕಟ್ಟಿದವರ ಮನಸ್ಸಿನಲ್ಲೂ ಅವರ ಲೋಕವೇ ಇತ್ತು.

ಒಬ್ಬರು ಕೇಳಿದರು, "ಇದು ಮಕ್ಕಳ ಪಾರ್ಕ್ ತಾನೇ?" ಅಂತ. ಒಪ್ಪುವುದಿಲ್ಲ ನಾನು. ಕಾರ್ಖಾನೆ ಮುಚ್ಚಿದಾಗ ಊರಿನ ಮಾನಕ್ಕೂ ಪೆಟ್ಟು ಬೀಳುತ್ತದೆ. ಅಲ್ಲಿ ದುಡಿದವರ ಮೊಮ್ಮಕ್ಕಳು ಅದೇ ಶೆಡ್ಡಿನಲ್ಲಿ ಇವತ್ತು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಾರಲ್ಲ, ಅದು ಸಣ್ಣ ಸಂಗತಿ ಅಲ್ಲ.

ಈಗ ಅದೇ ಊರಿನ ಇನ್ನೊಂದು ಜಾಗ. ಆನೆ ಇರುವ ದ್ವೀಪದಿಂದ ಸೇತುವೆ ದಾಟಿದರೆ ಕೇ ದ ಲಾ ಫೋಸ್ ಅಂತ ಹಳೇ ಬಂದರುಕಟ್ಟೆ. ಅಲ್ಲಿ ನಡೆಯುವಾಗ ಕಾಲ ಕೆಳಗೆ ನೋಡಿ. ನೆಲದಲ್ಲಿ ಚಿಕ್ಕ ಚಿಕ್ಕ ಗಾಜಿನ ಫಲಕಗಳನ್ನು ಹುದುಗಿಸಿದ್ದಾರೆ. ಒಟ್ಟು 2000. ಅದರಲ್ಲಿ 1710 ಫಲಕಗಳ ಮೇಲೆ ಒಂದೊಂದು ಹಡಗಿನ ಹೆಸರು, ಒಂದೊಂದು ವರ್ಷ. ಎಲ್ಲವೂ ಆಫ್ರಿಕಾದಿಂದ ಮನುಷ್ಯರನ್ನು ತುಂಬಿಕೊಂಡು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಮಾರಲು ಹೋದ ಹಡಗುಗಳು. ಫ್ರಾನ್ಸ್‌ನ ಗುಲಾಮ ವ್ಯಾಪಾರದಲ್ಲಿ ಎಲ್ಲಕ್ಕಿಂತ ದೊಡ್ಡ ಬಂದರು ನಾಂತ್. ಫ್ರೆಂಚ್ ಗುಲಾಮ ಯಾನಗಳಲ್ಲಿ ಶೇಕಡಾ ನಲವತ್ತಕ್ಕೂ ಜಾಸ್ತಿ ಹೊರಟಿದ್ದು ಇಲ್ಲಿಂದಲೇ. ಐದು ಲಕ್ಷಕ್ಕೂ ಹೆಚ್ಚು ಜನರನ್ನು ಹೀಗೆ ಸಾಗಿಸಿದರು.

ಊರಿನ ಹಳೇ ಶ್ರೀಮಂತರ ಮನೆಗಳು ಫೆಯ್ದೋ ದ್ವೀಪದಲ್ಲಿವೆ. ಈಗ ಅದು ದ್ವೀಪವಲ್ಲ, ಸುತ್ತಲಿನ ನದಿಯ ಕವಲುಗಳನ್ನು ಕಳೆದ ಶತಮಾನದಲ್ಲಿ ಮುಚ್ಚಿಬಿಟ್ಟರು. ಆ ಮನೆಗಳ ಕಿಟಕಿಯ ಮೇಲೆ ಕಲ್ಲಿನಲ್ಲಿ ಕೆತ್ತಿದ ಮುಖಗಳಿವೆ. ಸಮುದ್ರದೇವತೆ, ಗಡ್ಡದ ಮುದುಕ, ಕೆಲವು ಕಡೆ ಆಫ್ರಿಕಾದವರ ಮುಖ. ಮನೆ ಕಟ್ಟಿದ ದುಡ್ಡು ಎಲ್ಲಿಂದ ಬಂತು ಅಂತ ಗೋಡೆಯೇ ಹೇಳುತ್ತಿದ್ದರೂ ಬಹಳ ಕಾಲ ಊರು ಅದರ ಬಗ್ಗೆ ಮಾತಾಡಲಿಲ್ಲ. 1980ರ ದಶಕದಲ್ಲೂ ಇದನ್ನು ನೆನಪಿಸುವ ಕಾರ್ಯಕ್ರಮಕ್ಕೆ ನಗರಾಡಳಿತ ಬೆಂಬಲ ಕೊಡಲಿಲ್ಲ. 1992ರಲ್ಲಿ ಊರಿನ ಹಳೇ ಕೋಟೆಯಲ್ಲೇ ಒಂದು ದೊಡ್ಡ ಪ್ರದರ್ಶನ ಆಯಿತು, ಲಕ್ಷಾಂತರ ಜನ ಬಂದು ನೋಡಿದರು. 1998ರಲ್ಲಿ, ಗುಲಾಮಗಿರಿ ರದ್ದಾಗಿ 150 ವರ್ಷ ತುಂಬಿದಾಗ, ಬಂದರುಕಟ್ಟೆಯಲ್ಲಿ ಒಂದು ಪ್ರತಿಮೆ ಇಟ್ಟರು. ಕೆಲವೇ ದಿನಗಳಲ್ಲಿ ಯಾರೋ ಅದನ್ನು ವಿರೂಪ ಮಾಡಿದರು. ಆಮೇಲೆ ಊರು ಸುಮ್ಮನಾಗಲಿಲ್ಲ. ಯಾರೂ ಕಿತ್ತು ಬಿಸಾಡಲಾಗದಂಥ ಸ್ಮಾರಕವನ್ನೇ ಕಟ್ಟಲು ತೀರ್ಮಾನಿಸಿತು. ಅದು ತೆರೆದದ್ದು 2012ರಲ್ಲಿ.

ಫಲಕಗಳನ್ನು ದಾಟಿ ಮೆಟ್ಟಿಲಿಳಿದರೆ ಬಂದರುಕಟ್ಟೆಯ ಹೊಟ್ಟೆಯೊಳಗೆ ಒಂದು ಉದ್ದನೆಯ ಓಣಿ. ಕಾಂಕ್ರೀಟ್ ಕಂಬಗಳ ಸಂದಿಯಲ್ಲಿ ನದಿ ಹರಿಯುವುದು ಕಾಣುತ್ತದೆ. ನೀರು ಕಂಬಕ್ಕೆ ಬಡಿಯುವ ಸದ್ದು ಕೇಳುತ್ತದೆ. ಹಡಗಿನ ಒಡಲಲ್ಲಿ ನಿಂತ ಹಾಗಾಗುತ್ತದೆ. ಗಾಜಿನ ಗೋಡೆಯ ಮೇಲೆ ಗುಲಾಮಗಿರಿಯ ವಿರುದ್ಧ ಬೇರೆ ಬೇರೆ ಕಾಲದಲ್ಲಿ ಜನ ಬರೆದ, ಆಡಿದ ಮಾತುಗಳಿವೆ. ಪ್ರವೇಶ ಉಚಿತ. ದಯವಿಟ್ಟು ಇದನ್ನು ಬಿಟ್ಟು ಬರಬೇಡಿ. ಆನೆ ನೋಡಿದ ದಿನವೇ ಇದನ್ನೂ ನೋಡಿ.

ಬ್ರಿಟನಿಯ (ಫ್ರಾನ್ಸ್‌ನ ವಾಯುವ್ಯ ಮೂಲೆಯ ಪ್ರಾಂತ್ಯ, ಬ್ರಿಟನ್ ಅಲ್ಲ) ದೊರೆಗಳ ಕೋಟೆಯಲ್ಲಿರುವ ಇತಿಹಾಸ ಮ್ಯೂಸಿಯಂ ಇದೇ ಕಥೆಯನ್ನು ಮುಂದುವರಿಸುತ್ತದೆ. ಅಲ್ಲಿ ಮರಿ ಸೆರಫೀಕ್ ಅನ್ನುವ ಹಡಗಿನ ಒಂದು ಚಿತ್ರ ಇದೆ. 1770ರ ಸುಮಾರಿನದು, ಬಣ್ಣ ಹಾಕಿದ್ದು. ಹಡಗಿನ ಒಡಲಲ್ಲಿ ಮನುಷ್ಯರನ್ನು ಹೇಗೆ ಸಾಲಾಗಿ ಮಲಗಿಸುತ್ತಿದ್ದರು ಅಂತ ಅಚ್ಚುಕಟ್ಟಾಗಿ ಬರೆದಿದ್ದಾರೆ, ಸರಕಿನ ಲೆಕ್ಕದ ಹಾಗೆ. ಅದರ ಮುಂದೆ ನಿಂತರೆ ಮಾತು ಹೊರಡುವುದಿಲ್ಲ. ಇದರಲ್ಲಿ ನಮ್ಮ ಕಡೆಯ ಒಂದು ಎಳೆಯೂ ಇದೆ. ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳಲು ಕೊಡುತ್ತಿದ್ದ ಸರಕುಗಳಲ್ಲಿ ಭಾರತದ ಹತ್ತಿಬಟ್ಟೆಗೆ ದೊಡ್ಡ ಜಾಗ ಇತ್ತು. ಕೋರಮಂಡಲ ಕರಾವಳಿಯ ನೇಕಾರರು ನೇಯ್ದ ಬಟ್ಟೆ ಪಾಂಡಿಚೇರಿಯಿಂದ ಫ್ರೆಂಚ್ ಕಂಪನಿಯ ಹಡಗಿನಲ್ಲಿ ಈ ಬಂದರುಗಳಿಗೆ ಬಂದು, ಇಲ್ಲಿಂದ ಆಫ್ರಿಕಾಕ್ಕೆ ಹೋಗುತ್ತಿತ್ತು. ಆಮೇಲೆ ನಾಂತ್‌ನವರೇ ಅದೇ ರೀತಿಯ ಬಟ್ಟೆ ಅಚ್ಚು ಹಾಕಲು ಕಲಿತರು. ತಾನು ನೇಯ್ದ ಬಟ್ಟೆ ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ಬೆಲೆಯಾಗುತ್ತದೆ ಅಂತ ಆ ನೇಕಾರನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಕೋಟೆಯ ಬಗ್ಗೆ ಒಂದು ಮಾತು. ಹೊರಗಿನ ಗೋಡೆ ಯುದ್ಧಕ್ಕೆ ಕಟ್ಟಿದ್ದು, ಒಳಗಿನದು ಅರಮನೆ. ಬ್ರಿಟನಿಯ ಡಚೆಸ್ ಆ್ಯನ್ ಹುಟ್ಟಿದ್ದು ಇಲ್ಲಿ, 1477ರಲ್ಲಿ. ಇಬ್ಬರು ಫ್ರೆಂಚ್ ರಾಜರನ್ನು ಒಬ್ಬರಾದ ಮೇಲೊಬ್ಬರನ್ನು ಮದುವೆಯಾದವಳು. ಕೋಟೆಗೋಡೆಯ ಮೇಲೆ ಸುತ್ತಲು ದುಡ್ಡು ಕೊಡಬೇಕಿಲ್ಲ. ಇವತ್ತಿನ ಆಡಳಿತದ ನಕ್ಷೆಯಲ್ಲಿ ನಾಂತ್ ಬ್ರಿಟನಿಗೆ ಸೇರಿಲ್ಲ, ಪಕ್ಕದ ಪ್ರಾಂತ್ಯದಲ್ಲಿದೆ. ಊರಿನಲ್ಲಿ ಅನೇಕರಿಗೆ ಅದರ ಬೇಸರ ಇನ್ನೂ ಹೋಗಿಲ್ಲ. ಕಪ್ಪು ಬಿಳುಪು ಪಟ್ಟೆಯ ಬ್ರಿಟನಿ ಬಾವುಟ ಅಲ್ಲಲ್ಲಿ ಹಾರುತ್ತಿರುತ್ತದೆ.

ರೈಲ್ವೆ ಸ್ಟೇಷನ್ ಹತ್ತಿರ ಒಂದು ಬಿಸ್ಕತ್ ಗೋಪುರ ಕಾಣುತ್ತದೆ. ಲೂ ಕಂಪನಿಯ ಹಳೇ ಕಾರ್ಖಾನೆ ಅದು. 1886ರಲ್ಲಿ ಇಲ್ಲಿ ಹುಟ್ಟಿದ ಬೆಣ್ಣೆ ಬಿಸ್ಕತ್ತನ್ನು ಕೈಯಲ್ಲಿ ಹಿಡಿದು ನೋಡಿ. ಮೂಲೆಗಳೂ ಸೇರಿ ಅಂಚಿನಲ್ಲಿ 52 ಹಲ್ಲುಗಳು, ಮೇಲೆ 24 ಚುಕ್ಕಿಗಳು. ವರ್ಷದ ವಾರಗಳು, ದಿನದ ಗಂಟೆಗಳು ಅನ್ನುತ್ತಾರೆ. ನಾಲ್ಕು ಮೂಲೆ ನಾಲ್ಕು ಋತು. ಕಾರ್ಖಾನೆ ಊರಾಚೆ ಹೋದ ಮೇಲೆ ಕಟ್ಟಡ ಪಾಳು ಬಿತ್ತು. 2000ದಿಂದ ಅದು ನಾಟಕ, ಸಂಗೀತ, ಪುಸ್ತಕದಂಗಡಿ, ಕೆಫೆ ಎಲ್ಲ ಇರುವ ಜಾಗ. ಅಲ್ಲೊಂದು ಗೋಡೆ ಇದೆ. ಸಾವಿರಾರು ಜನ ತಮಗೆ ಬೇಕಾದ ಒಂದೊಂದು ವಸ್ತುವನ್ನು ಕೊಟ್ಟು, ಅವನ್ನು ಡಬ್ಬಿಗಳಲ್ಲಿ ಹಾಕಿ ಅದರೊಳಗೆ ಮುಚ್ಚಿಟ್ಟಿದ್ದಾರೆ. ತೆರೆಯುವುದು 2100ರ ಜನವರಿ 1ಕ್ಕೆ.

ಸಾಂ ಮಾಲೋಗೆ ಬರೋಣ. ಉತ್ತರದ ಸಮುದ್ರದಂಚಿನಲ್ಲಿ, ಸುತ್ತಲೂ ಕೋಟೆಗೋಡೆ ಇರುವ ಊರು. ಬೂದು ಬಣ್ಣದ ಗ್ರಾನೈಟ್ ಮನೆಗಳು, ಎತ್ತರದ ಚಿಮಣಿಗಳು, ಕಿರಿದಾದ ಬೀದಿಗಳು. ನೋಡಿದವರು ಮುನ್ನೂರು ವರ್ಷ ಹಳೇದು ಅಂದುಕೊಳ್ಳುತ್ತಾರೆ. ಆದರೆ 1944ರ ಆಗಸ್ಟಿನಲ್ಲಿ, ಜರ್ಮನ್ ಸೇನೆ ಒಳಗೆ ಸೇರಿಕೊಂಡು ಶರಣಾಗದೆ ಕೂತಾಗ, ಬಾಂಬಿಗೂ ಬೆಂಕಿಗೂ ಗೋಡೆಯೊಳಗಿನ ಊರಿನ ಶೇಕಡಾ ಎಂಬತ್ತರಷ್ಟು ನಾಶವಾಯಿತು. ಕೋಟೆಗೋಡೆ ಮಾತ್ರ ಬಹುಪಾಲು ಉಳಿಯಿತು. ಯುದ್ಧ ಮುಗಿದ ಮೇಲೆ ಬೇರೆ ಊರುಗಳು ಕಾಂಕ್ರೀಟಿನಲ್ಲಿ ಬೇಗ ಬೇಗ ಕಟ್ಟಿಕೊಂಡವು. ಇವರು ಹಾಗೆ ಮಾಡಲಿಲ್ಲ. ಅದೇ ಗ್ರಾನೈಟ್, ಅದೇ ಇಳಿಜಾರು ಮಾಡು, ಅದೇ ಆಕಾರ ಬೇಕು ಅಂದರು. ಒಳಗಡೆ ಮಾತ್ರ ಮನೆಗಳಿಗೆ ಗಾಳಿ ಬೆಳಕು ಜಾಸ್ತಿ ಬರುವ ಹಾಗೆ ಅಂಗಳಗಳನ್ನು ಅಗಲ ಮಾಡಿಕೊಂಡರು. ಸಾಂ ವಿನ್ಸೆಂಟ್ ಚರ್ಚಿನ ಶಿಖರ ಮತ್ತೆ ಮೇಲೇರುವ ಹೊತ್ತಿಗೆ 1970ರ ದಶಕ ಬಂದಿತ್ತು.

ಇದನ್ನು ಕೆಲವರು ನಕಲಿ ಊರು ಅಂತ ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸಲ್ಲ. ಮನೆ ಕಳಕೊಂಡವರು ಮನೆಯ ರೂಪವನ್ನಾದರೂ ಉಳಿಸಿಕೊಳ್ಳಬೇಕು ಅಂದುಕೊಂಡರೆ ಅದರಲ್ಲಿ ನಕಲಿ ಏನಿದೆ?

ಇಲ್ಲಿ ನೋಡಬೇಕಾದ ದೊಡ್ಡ ಸಂಗತಿ ಸಮುದ್ರ. ಯೂರೋಪಿನಲ್ಲೇ ಅತಿ ದೊಡ್ಡ ಉಬ್ಬರವಿಳಿತ ಆಗುವ ಜಾಗಗಳಲ್ಲಿ ಇದೂ ಒಂದು. ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ ಹನ್ನೆರಡು, ಹದಿಮೂರು ಮೀಟರಿನಷ್ಟು ಏರಿಳಿಯುತ್ತದೆ. ನಾಲ್ಕು ಮಹಡಿ ಕಟ್ಟಡದ ಎತ್ತರ! ಬೆಳಿಗ್ಗೆ ಗೋಡೆಯ ಬುಡಕ್ಕೆ ಅಪ್ಪಳಿಸುವ ಸಮುದ್ರ ಮಧ್ಯಾಹ್ನ ದೂರ ಸರಿದು ಮೈಲುದ್ದ ಮರಳು ಬಿಟ್ಟಿರುತ್ತದೆ. ಬೀಚಿನುದ್ದಕ್ಕೂ ಅಲೆಯ ಹೊಡೆತ ತಡೆಯಲು ಹೂತ ದಪ್ಪ ಓಕ್ ಮರದ ಕಂಬಗಳು, ಸಾವಿರಾರು. ಅವುಗಳ ಮೇಲಿನ ಪಾಚಿಯ ಗೆರೆ ನೋಡಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಗೊತ್ತಾಗುತ್ತದೆ.

ಇಳಿತದ ಹೊತ್ತಿಗೆ ಗ್ರಾಂ ಬೇ ಅನ್ನುವ ಬಂಡೆದ್ವೀಪಕ್ಕೆ ನಡೆದೇ ಹೋಗಬಹುದು. ಲೇಖಕ ಶಾತೋಬ್ರಿಯಾಂ ಹುಟ್ಟಿದ್ದು ಈ ಊರಿನಲ್ಲಿ, 1768ರಲ್ಲಿ. ಸತ್ತ ಮೇಲೆ ತನ್ನನ್ನು ಇಲ್ಲೇ ಸಮುದ್ರಕ್ಕೆ ಎದುರಾಗಿ ಹೂಳಬೇಕು ಅಂತ ಮೊದಲೇ ಊರಿನವರನ್ನು ಕೇಳಿಕೊಂಡಿದ್ದರು. 1848ರಲ್ಲಿ ಹಾಗೇ ಮಾಡಿದರು. ಒಂದು ಕಲ್ಲಿನ ಶಿಲುಬೆ, ಒಂದು ಹಾಸುಗಲ್ಲು, ಅದರ ಮೇಲೆ ಹೆಸರಿಲ್ಲ. ನೀರು ತಿರುಗಿ ಬರುವ ಹೊತ್ತಿಗೆ ವಾಪಸ್ ಬರಲೇಬೇಕು. ತಡ ಮಾಡಿದರೆ ದಾರಿ ಮುಳುಗುತ್ತದೆ, ಗಂಟೆಗಟ್ಟಲೆ ಅಲ್ಲೇ ಕೂರಬೇಕಾಗುತ್ತದೆ. ನೀರಿನಲ್ಲಿ ನಡೆದು ದಾಟುವ ಸಾಹಸ ಮಾತ್ರ ಬೇಡ, ಸೆಳೆತ ಜೋರಾಗಿರುತ್ತದೆ.

ಕೋಟೆಗೋಡೆಯ ಮೇಲೆ ಸರ್‌ಕೂಫ್ ಅನ್ನುವವನ ಪ್ರತಿಮೆ ಇದೆ, ಸಮುದ್ರದ ಕಡೆ ಕೈ ತೋರಿಸುತ್ತಾ. ರಾಜನ ಪರವಾನಗಿ ಪಡೆದು ಶತ್ರುಗಳ ಹಡಗು ದೋಚುವ ಕಸುಬಿನವರ ಊರು ಇದು. ಇವನು 1800ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಂಟ್ ಅನ್ನುವ ದೊಡ್ಡ ಹಡಗನ್ನು ಹಿಡಿದ. ಊರಿಗೆ ವೀರ. ಆದರೆ ಗುಲಾಮರ ವ್ಯಾಪಾರವನ್ನೂ ಮಾಡಿದವನು. ನಾಂತ್‌ನಲ್ಲಿ ಆ ಫಲಕಗಳನ್ನು ನೋಡಿ ಬಂದವರಿಗೆ ಈ ಪ್ರತಿಮೆಯ ಕೆಳಗೆ ನಿಂತಾಗ ಕೆಲವು ಪ್ರಶ್ನೆಗಳು ಏಳುತ್ತವೆ. ಏಳಲಿ. 1746ರಲ್ಲಿ ಬ್ರಿಟಿಷರಿಂದ ಮದ್ರಾಸನ್ನು ವಶಪಡಿಸಿಕೊಂಡ ಲಾ ಬೂರ್ದೊನೆ ಕೂಡ ಇದೇ ಊರಿನವನು.

ಸಾಂ ಮಾಲೋ ಪಕ್ಕದಲ್ಲೇ ರಾನ್ಸ್ ನದಿಯ ಬಾಯಲ್ಲಿ ಉಬ್ಬರವಿಳಿತದಿಂದ ಕರೆಂಟ್ ತಯಾರಿಸುವ ಸ್ಥಾವರ ಇದೆ. 1966ರದ್ದು, 24 ಟರ್ಬೈನ್, 240 ಮೆಗಾವಾಟ್. ಜಗತ್ತಿನ ಮೊದಲ ದೊಡ್ಡ ಉಬ್ಬರವಿಳಿತ ವಿದ್ಯುತ್ ಸ್ಥಾವರ. ಅದರ ಮೇಲೇ ರಸ್ತೆ ಹೋಗುತ್ತದೆ. ಇಂಜಿನಿಯರಿಂಗ್ ಓದುವ ಮಕ್ಕಳು ಜೊತೆಗಿದ್ದರೆ ಖಂಡಿತ ಕರೆದುಕೊಂಡು ಹೋಗಿ.

ರೆನ್ ಬಗ್ಗೆ. ಇದು ಬ್ರಿಟನಿಯ ರಾಜಧಾನಿ. ಪೇಟೆಯಲ್ಲಿ ನಡೆದರೆ ಒಂದು ಬೀದಿಯಲ್ಲಿ ಮರದ ಚೌಕಟ್ಟಿನ ವಾಲಿದ ಮನೆಗಳು. ಕೆಂಪು, ಹಸಿರು, ಸಾಸಿವೆ ಬಣ್ಣ. ಒಂದಕ್ಕೊಂದು ಭುಜ ಕೊಟ್ಟು ನಿಂತಿರುತ್ತವೆ. ಹತ್ತು ಹೆಜ್ಜೆ ಮುಂದೆ ಹೋದರೆ ನೇರ ರಸ್ತೆಗಳು, ಒಂದೇ ಅಳತೆಯ ಕಲ್ಲಿನ ಕಟ್ಟಡಗಳು. ಏನಿದು ಅಂತ ಅನ್ನಿಸುತ್ತದೆ. 1720ರ ಡಿಸೆಂಬರಿನಲ್ಲಿ ಬಿದ್ದ ಬೆಂಕಿ ದಿನಗಟ್ಟಲೆ ಉರಿದು ನೂರಾರು ಮರದ ಮನೆಗಳನ್ನು ತಿಂದಿತು. ಬೆಂಕಿ ಎಲ್ಲಿ ನಿಂತಿತೋ ಅಲ್ಲಿ ಹಳೇ ಊರು ಉಳಿಯಿತು. ಸುಟ್ಟ ಕಡೆ ಹೊಸ ಊರು ಕಲ್ಲಿನಲ್ಲಿ ಎದ್ದಿತು. ಕೈಯಲ್ಲಿ ಮ್ಯಾಪ್ ಇಲ್ಲದೆ ಬೆಂಕಿಯ ಗಡಿ ಹುಡುಕುತ್ತಾ ನಡೆಯುವುದು ರೆನ್‌ನಲ್ಲಿ ನನಗೆ ಇಷ್ಟವಾದ ಕೆಲಸ.

ಆ ಬೆಂಕಿಯಲ್ಲಿ ಬಚಾವಾದ ಬ್ರಿಟನಿಯ ಹಳೇ ನ್ಯಾಯಾಲಯದ ಅರಮನೆ 1994ರ ಫೆಬ್ರವರಿಯಲ್ಲಿ ಹೊತ್ತಿ ಉರಿಯಿತು. ಮೀನಿನ ಬೆಲೆ ಬಿದ್ದುಹೋಯಿತು ಅಂತ ಮೀನುಗಾರರು ಬೀದಿಗಿಳಿದಿದ್ದರು. ಗಲಾಟೆಯಲ್ಲಿ ಹಾರಿಸಿದ ಒಂದು ಸಿಗ್ನಲ್ ರಾಕೆಟ್ ಮಾಡಿನೊಳಗೆ ಸಿಕ್ಕಿಕೊಂಡು ರಾತ್ರಿ ಬೆಂಕಿ ಹತ್ತಿತು. ಮಾಡು ಹೋಯಿತು. ಕೆಳಗಿನ ಸಭಾಂಗಣದ ಚಿನ್ನದ ಲೇಪದ ಮರದ ಚಾವಣಿ, ಚಿತ್ರಗಳು ಬಹಳಷ್ಟು ಉಳಿದವು. ವರ್ಷಗಟ್ಟಲೆ ಕೆಲಸ ಮಾಡಿ 1999ರಲ್ಲಿ ಮತ್ತೆ ತೆರೆದರು. ಇವತ್ತೂ ಅಲ್ಲಿ ಕೋರ್ಟ್ ನಡೆಯುತ್ತದೆ. ಟೂರಿಸ್ಟ್ ಆಫೀಸಿನವರು ಗೈಡ್ ಜೊತೆ ಒಳಗೆ ಕರೆದೊಯ್ಯುತ್ತಾರೆ, ಮೊದಲೇ ಬುಕ್ ಮಾಡಬೇಕು.

ಶನಿವಾರ ಬೆಳಿಗ್ಗೆ ರೆನ್‌ನಲ್ಲಿದ್ದರೆ ಲೀಸ್ ಚೌಕದ ಸಂತೆಗೆ ಹೋಗಿ. ಫ್ರಾನ್ಸ್‌ನ ದೊಡ್ಡ ಸಂತೆಗಳಲ್ಲಿ ಒಂದು. ತರಕಾರಿ, ಚೀಸ್, ಹೂವು, ಸಿಂಪಿ, ಎಲ್ಲ.

ಇಲ್ಲಿ ಒಬ್ಬರು ತಾಯಿ ಕೇಳಿದ ಪ್ರಶ್ನೆ: "ನಾವು ಮೊಟ್ಟೆನೂ ತಿನ್ನಲ್ಲ, ಅಲ್ಲಿ ಹೊಟ್ಟೆಗೇನು ಮಾಡೋದು?" ಅಮ್ಮಾ, ಬ್ರಿಟನಿಯಲ್ಲಿ ಗ್ಯಾಲೆಟ್ ಅಂತ ಮಾಡುತ್ತಾರೆ. ಬಕ್‌ವೀಟ್ ಅನ್ನುವ ಕಾಳಿನ ಹಿಟ್ಟು, ನೀರು, ಉಪ್ಪು. ದೊಡ್ಡ ದುಂಡನೆ ಕಾವಲಿಯ ಮೇಲೆ ಮರದ ಹರಡುಕೋಲಿನಿಂದ ತೆಳ್ಳಗೆ ಹರಡುತ್ತಾರೆ. ಮಾಮೂಲಿ ಗ್ಯಾಲೆಟ್ಟಿನಲ್ಲಿ ಹಂದಿ ಮಾಂಸ, ಮೊಟ್ಟೆ, ಚೀಸ್ ಇರುತ್ತದೆ. ನೀವು ಚೀಸ್, ಅಣಬೆ, ಟೊಮೆಟೊ, ಪಾಲಕ್ ಮಾತ್ರ ಹಾಕಿ ಅಂದರೆ ಹಾಕಿಕೊಡುತ್ತಾರೆ. ಕೆಲವು ಅಂಗಡಿಯವರು ಹಿಟ್ಟಿಗೇ ಮೊಟ್ಟೆ ಸೇರಿಸುತ್ತಾರೆ, ಅದನ್ನು ಕೇಳಿಕೊಳ್ಳಿ. ಸಿಹಿ ಕ್ರೇಪ್‌ನಲ್ಲಂತೂ ಮೊಟ್ಟೆ ಇದ್ದೇ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬಹಳಷ್ಟು ಅಡುಗೆಮನೆ ಮುಚ್ಚುತ್ತವೆ, ಸಂಜೆ ಏಳರವರೆಗೆ ಬಿಸಿ ಊಟ ಸಿಗುವುದು ಕಷ್ಟ. ನಮ್ಮ ಜನಕ್ಕೆ ಅಲ್ಲಿ ಜಾಸ್ತಿ ತೊಂದರೆ ಆಗುವುದು ಈ ಹೊತ್ತಿನ ಲೆಕ್ಕದಿಂದಲೇ.

ಆಂಜೆ ಚಿಕ್ಕ ಊರು. ನಾಂತ್‌ನಿಂದ ರೈಲಿನಲ್ಲಿ ನಲವತ್ತು ನಿಮಿಷ. ಹದಿನೇಳು ಗೋಪುರದ ಕೋಟೆ, ಕಪ್ಪು ಕಲ್ಲು ಬಿಳಿ ಕಲ್ಲಿನ ಪಟ್ಟೆಗಳು. ಒಳಗೆ ಒಂದು ಉದ್ದನೆಯ ಕತ್ತಲೆ ಕೋಣೆ. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಆಮೇಲೆ ಗೋಡೆಯ ಮೇಲೆ ನಿಧಾನಕ್ಕೆ ಕೆಂಪು, ನೀಲಿ ಏಳುತ್ತವೆ. ಅಪೊಕಲಿಪ್ಸ್ ಜವಳಿಚಿತ್ರ ಅದು. ಆಂಜು ಪ್ರಾಂತ್ಯದ ದೊರೆ ಒಂದನೇ ಲೂಯಿ ನೇಯಿಸಿದ್ದು, 1370ರ ದಶಕದಲ್ಲಿ ಶುರುವಾದದ್ದು. ಮೊದಲು 140 ಮೀಟರ್ ಉದ್ದ ಇತ್ತು, ಈಗ ಸುಮಾರು 100 ಮೀಟರ್ ಉಳಿದಿದೆ. ಲೋಕದ ಅಂತ್ಯದ ಬಗ್ಗೆ ಬೈಬಲಿನಲ್ಲಿ ಬರುವ ದರ್ಶನಗಳು ಇದರ ವಿಷಯ. ಏಳು ತಲೆಯ ಮೃಗ, ಬೀಳುವ ನಕ್ಷತ್ರ, ಕುಸಿಯುವ ಊರು.

ಉಳಿದ 40 ಮೀಟರ್ ಎಲ್ಲಿ ಹೋಯಿತು? ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಇದಕ್ಕೆ ಬೆಲೆಯೇ ಇಲ್ಲದಂತಾಯಿತು. ಕತ್ತರಿಸಿ ಕುದುರೆ ಲಾಯಕ್ಕೆ ಹೊದಿಸಿದರು. ಚಳಿಗಾಲದಲ್ಲಿ ಕಿತ್ತಳೆ ಗಿಡಗಳಿಗೆ ಮುಚ್ಚಿದರು. ನೆಲಕ್ಕೆ ಹಾಸಿದರು. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಒಬ್ಬ ಪಾದ್ರಿ ತುಂಡುಗಳನ್ನು ಹುಡುಕಿ, ತಂದು, ಹೊಲಿಸಿ ಮತ್ತೆ ಜೋಡಿಸಿದರು. ಇದರ ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟು. ದಾರದ ತುದಿ ಒಂದೂ ಕಾಣುವುದಿಲ್ಲ. ಬೆಳಕು ತಾಗದ ಕಾರಣ ಹಿಂದಿನ ಬಣ್ಣಗಳು ಇನ್ನೂ ಹೊಚ್ಚ ಹೊಸದಾಗಿವೆಯಂತೆ. ನೇಯ್ಗೆ ಗೊತ್ತಿದ್ದವರು ಇದರ ಮುಂದೆ ಅರ್ಧ ದಿನ ಕಳೆಯಬಹುದು. ಒಂದೇ ಒಂದು ಮ್ಯೂಸಿಯಂ ನೋಡಲು ಸಮಯ ಇದೆ ಅನ್ನುವವರಿಗೆ ನಾನು ಆಂಜೆಯನ್ನೇ ಹೇಳುತ್ತೇನೆ.

ಲಾ ರೋಶೆಲ್ ಬೇಗ ಹೇಳಿ ಮುಗಿಸುತ್ತೇನೆ, ಬೇಸಿಗೆಯಲ್ಲಿ ಜನಜಂಗುಳಿ ಅಲ್ಲಿ. ಹಳೇ ಬಂದರಿನ ಬಾಯಲ್ಲಿ ಎರಡು ಗೋಪುರ. ರಾತ್ರಿ ಎರಡರ ನಡುವೆ ಸರಪಳಿ ಎಳೆದು ಬಂದರಿಗೆ ಬೀಗ ಹಾಕುತ್ತಿದ್ದರು. ಪ್ರೊಟೆಸ್ಟೆಂಟರ ಊರಾಗಿದ್ದ ಇದನ್ನು 1627-28ರಲ್ಲಿ ಫ್ರೆಂಚ್ ರಾಜನ ಮಂತ್ರಿ ರಿಶೆಲ್ಯೂ ಮುತ್ತಿಗೆ ಹಾಕಿ, ಸಮುದ್ರಕ್ಕೇ ಒಡ್ಡು ಕಟ್ಟಿಸಿ, ಹಸಿವಿನಿಂದ ಸೋಲಿಸಿದ. ಇಪ್ಪತ್ತೈದು ಸಾವಿರಕ್ಕೂ ಜಾಸ್ತಿ ಇದ್ದ ಜನರಲ್ಲಿ ಕೊನೆಗೆ ಉಳಿದವರು ಐದಾರು ಸಾವಿರ. ಮೂರನೆಯ ಗೋಪುರವನ್ನು ಜೈಲು ಮಾಡಿದ್ದರು. ಅದರ ಗೋಡೆಗಳ ಮೇಲೆ ಇಂಗ್ಲಿಷ್, ಡಚ್, ಸ್ಪ್ಯಾನಿಷ್ ಕೈದಿಗಳು ಕೊರೆದ ಹಡಗುಗಳ ಚಿತ್ರ, ಹೆಸರು, ವರ್ಷ ಇವೆ. ಹಾಯಿಯ ಒಂದೊಂದು ಹಗ್ಗವನ್ನೂ ಬಿಡದೆ ಕೊರೆದಿದ್ದಾರೆ. 1976ರಲ್ಲೇ ಊರಿನವರಿಗೆ ಹಂಚಿಕೊಳ್ಳಲು ಹಳದಿ ಸೈಕಲ್ ಇಟ್ಟ ನಗರ ಇದು. ಸೈಕಲ್ ಬಾಡಿಗೆಗೆ ತೆಗೆದುಕೊಂಡು ಸೇತುವೆ ದಾಟಿ ರೇ ದ್ವೀಪಕ್ಕೆ ಹೋಗಿ. ಉಪ್ಪಿನ ಗದ್ದೆಗಳು ಸಿಗುತ್ತವೆ.

ಬೋರ್ಡೋ ಅಂದರೆ ಎಲ್ಲರಿಗೂ ವೈನ್. ನಾನು ಕುಡಿಯುವವನಲ್ಲ, ಅದರ ಬಗ್ಗೆ ಬೇರೆಯವರನ್ನು ಕೇಳಿ. ನನಗೆ ಬೋರ್ಡೋ ಅಂದರೆ ನದೀದಂಡೆ. ರೆನ್ ಸುಟ್ಟಾಗ ಮರಳಿ ಕಟ್ಟಲು ನಕ್ಷೆ ಹಾಕಿದ ಜಾಕ್ ಗಾಬ್ರಿಯೆಲ್ ಅವರೇ ಇಲ್ಲಿನ ಬೂರ್ಸ್ ಚೌಕವನ್ನೂ 1730ರಲ್ಲಿ ಶುರು ಮಾಡಿದ್ದು. ಮಗ ಮುಂದುವರಿಸಿದ. ಗುಲಾಮರ ಮತ್ತು ಸಕ್ಕರೆಯ ವ್ಯಾಪಾರದಲ್ಲಿ ಈ ಊರಿಗೂ ದೊಡ್ಡ ಪಾಲಿತ್ತು. ಅಕ್ವಿಟೇನ್ ಮ್ಯೂಸಿಯಂನಲ್ಲಿ 2009ರಿಂದ ಅದಕ್ಕೇ ಕೋಣೆಗಳಿವೆ. ಕಳೆದ ಶತಮಾನದಲ್ಲಿ ಕಲ್ಲಿನ ಕಟ್ಟಡಗಳೆಲ್ಲ ಮಸಿ ಹಿಡಿದು ಕಪ್ಪಾಗಿದ್ದವು. ದಂಡೆಯುದ್ದಕ್ಕೂ ಗೋದಾಮುಗಳು, ಆಚೆ ನದಿ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಗೋದಾಮುಗಳನ್ನು ತೆಗೆದರು, ಕಲ್ಲನ್ನು ತೊಳೆದರು, ಜೇನಿನ ಬಣ್ಣ ಹೊರಬಂತು. 2003ರಲ್ಲಿ ಟ್ರಾಮ್ ತಂದರು. ಊರ ಮಧ್ಯದಲ್ಲಿ ತಲೆಯ ಮೇಲೆ ತಂತಿ ಇಲ್ಲ, ನೆಲದಲ್ಲಿನ ಹಳಿಯಿಂದಲೇ ಕರೆಂಟ್. ಟ್ರಾಮ್ ಮೇಲೆ ಹಾದುಹೋಗುವಾಗ ಮಾತ್ರ ಆ ತುಂಡಿಗೆ ಕರೆಂಟ್ ಬರುತ್ತದೆ. ಹಾಗಾಗಿ ಮೆಟ್ಟಿದರೂ ಅಪಾಯ ಇಲ್ಲ.

2006ರಲ್ಲಿ ಚೌಕದ ಎದುರು ನೀರಿನ ಕನ್ನಡಿ ಮಾಡಿದರು. 3450 ಚದರ ಮೀಟರಿನ ಕರಿ ಗ್ರಾನೈಟ್ ಹಾಸು, ಅದರ ಮೇಲೆ ಬರೀ ಎರಡು ಸೆಂಟಿಮೀಟರ್ ನೀರು. ನೀರು ತುಂಬಿದಾಗ ಇಡೀ ಚೌಕ ತಲೆಕೆಳಗಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ನೀರು ಇಂಗುತ್ತದೆ, ಆಮೇಲೆ ಮಂಜಿನ ಹಾಗೆ ಹನಿ ಏಳುತ್ತದೆ. ಚಪ್ಪಲಿ ಬಿಚ್ಚಿ ನಡೆಯಬಹುದು, ಯಾರೂ ಬೇಡ ಅನ್ನಲ್ಲ. ಚಳಿಗಾಲದಲ್ಲಿ ನಿಲ್ಲಿಸಿರುತ್ತಾರೆ.

ಬ್ರೆಸ್ಟ್ ಬಗ್ಗೆ ಹೇಳದಿದ್ದರೆ ಕನ್ನಡದವನಾಗಿ ತಪ್ಪಾಗುತ್ತದೆ. ಪಶ್ಚಿಮದ ತುತ್ತತುದಿಯ ನೌಕಾನೆಲೆ. ಟಿಪ್ಪು ಸುಲ್ತಾನ್ ಬ್ರಿಟಿಷರ ವಿರುದ್ಧ ನೆರವು ಕೇಳಲು ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳಿಸಿದ್ದ, ನೆನಪಿದೆಯಲ್ಲ? 1788ರ ಆಗಸ್ಟಿನಲ್ಲಿ ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಮರ್ಯಾದೆ ಸಿಕ್ಕಿತು, ಬೇಕಾದ ಸೈನ್ಯ ಸಿಗಲಿಲ್ಲ. ವಾಪಸ್ ಊರಿಗೆ ಹಡಗು ಹತ್ತಿದ್ದು ಬ್ರೆಸ್ಟ್‌ನಲ್ಲಿ. ಅವರು ನಡೆದಿರಬಹುದಾದ ಬೀದಿಗಳಲ್ಲಿ ಇವತ್ತು ಹೆಚ್ಚೇನೂ ಉಳಿದಿಲ್ಲ. 1944ರಲ್ಲಿ ಊರು ಬಹುಪಾಲು ನೆಲಸಮವಾಯಿತು. ಸಾಂ ಮಾಲೋ ಹಳೇ ರೂಪ ಹಿಡಿದುಕೊಂಡರೆ, ಬ್ರೆಸ್ಟ್ ನೇರ ರಸ್ತೆಗಳ, ಕಾಂಕ್ರೀಟಿನ ಹೊಸ ಊರಾಯಿತು. ಚೆಂದ ಇಲ್ಲ ಅಂತ ಪ್ರವಾಸಿಗರು ಬಿಟ್ಟುಹೋಗುತ್ತಾರೆ. ಆದರೆ ಬಂದರಿನ ಬಾಯಲ್ಲಿ ಹಳೇ ಕೋಟೆ ನಿಂತಿದೆ, ಒಳಗೆ ನೌಕಾ ಮ್ಯೂಸಿಯಂ. 2016ರಿಂದ ನದಿಯ ಮೇಲೆ ಕೇಬಲ್ ಕಾರ್ ಓಡುತ್ತದೆ. ಅದರಲ್ಲಿ ಕೂತರೆ ಕೋಟೆ, ಬಂದರು, ಆಚೆಗಿನ ಸಮುದ್ರ ಎಲ್ಲ ಒಟ್ಟಿಗೆ ಕಾಣುತ್ತವೆ. ಶ್ರೀರಂಗಪಟ್ಟಣದವರು ಊರಿಗೆ ಹೊರಟ ನೀರು ಅದು.

ಕೊನೆಯ ಪ್ರಶ್ನೆ: "ಪ್ಯಾರಿಸ್ ಆದ ಮೇಲೆ ನಾಲ್ಕೇ ದಿನ ಇದೆ, ಏನು ಮಾಡೋದು?" ಎಲ್ಲವನ್ನೂ ಮುಟ್ಟಿ ಬರುವ ಆಸೆ ಬಿಡಿ. ಬೋರ್ಡೋ ಬೇರೆ ಪ್ರವಾಸಕ್ಕಿರಲಿ. ನಾಂತ್‌ನಿಂದ ಅಲ್ಲಿಗೆ ನೇರ ವೇಗದ ಹಳಿ ಇಲ್ಲ, ಅರ್ಧ ದಿನ ರೈಲಿನಲ್ಲೇ ಹೋಗುತ್ತದೆ. ನಾಂತ್‌ನಲ್ಲಿ ರೂಮ್ ಮಾಡಿ. ಸಾಧ್ಯವಾದರೆ ಶನಿವಾರ, ಭಾನುವಾರ ಅಲ್ಲಿರಿ. 2021ರಿಂದ ಆ ಎರಡು ದಿನ ಟ್ರಾಮ್, ಬಸ್ಸು ಎಲ್ಲರಿಗೂ ಉಚಿತ. ನೆಲದ ಮೇಲೆ ಬಳಿದ ಹಸಿರು ಗೆರೆ ಹಿಡಿದು ನಡೆದರೆ ಊರಿನ ಮುಖ್ಯ ಜಾಗಗಳೆಲ್ಲ ಸಿಗುತ್ತವೆ. ಒಂದು ದಿನ ಆಂಜೆಗೆ ಹೋಗಿ ಬನ್ನಿ. ಆಮೇಲೆ ರೆನ್ ಮೇಲೆ ಸಾಂ ಮಾಲೋಗೆ ಹೋಗಿ, ಒಂದು ರಾತ್ರಿ ಅಲ್ಲೇ ಉಳಿಯಿರಿ, ಉಬ್ಬರ ಇಳಿತ ಎರಡನ್ನೂ ನೋಡಬಹುದು. ಸಾಂ ಮಾಲೋದ ಉಬ್ಬರವಿಳಿತದ ವೇಳಾಪಟ್ಟಿ ಮೊದಲು ನೋಡಿ ದಿನ ಗೊತ್ತು ಮಾಡಿಕೊಳ್ಳಿ. ರೈಲು ಟಿಕೆಟ್ ಅದಾದ ಮೇಲೆ ಬುಕ್ ಮಾಡಿ.